ಒಂದು ಹೆಜ್ಜೆ ತಡ

ಕಳೆದ ಜುಲೈನ ಒಂದು ಭಾನುವಾರ. ಬೆಳಗಾವಿ ಮಳೆ ಗೊತ್ತಲ್ವಾ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಕ್ಯಾಂಪ್ ಕಡೆಯ ಫುಟ್‌ಬಾಲ್ ಮೈದಾನದಲ್ಲಿ ಗೋಲ್ ಮುಂದೆ ಕೆಂಪು ರಾಡಿ ಎದ್ದಿತ್ತು. ಆ ರಾಡಿಯಲ್ಲೇ ನನ್ನ ಜಾಗ. ನಾನು ಸ್ಟಾಪರ್, ಅಂದರೆ ಗೋಲ್ ಮುಂದೆ ನಿಂತು ಎದುರಿನವರನ್ನು ತಡೆಯುವ ಡಿಫೆಂಡರ್. 18 ವರ್ಷದಿಂದ ಒಂದೇ ಕ್ಲಬ್, ಒಂದೇ ಜಾಗ.

ನಮ್ಮದು ದೊಡ್ಡ ಲೀಗ್ ಅಲ್ಲ. ಯಾರಿಗೂ ಸಂಬಳ ಇಲ್ಲ. ಬೂಟು, ಶಿನ್ ಗಾರ್ಡ್ ಎಲ್ಲ ನಮ್ಮದೇ ದುಡ್ಡು. ನನಗೆ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ. ಚೋರ್ಲಾ ಘಾಟ್ ಇಳಿದು ಗೋವಾದಲ್ಲಿ ಮ್ಯಾಚ್ ಆಡಿ, ರಾತ್ರಿಯೇ ಘಾಟ್ ಹತ್ತಿ ಬಂದು, ಬೆಳಿಗ್ಗೆ ಫಸ್ಟ್ ಶಿಫ್ಟಿಗೆ ಹಾಜರಾದ ದಿನಗಳಿಗೆ ಲೆಕ್ಕವಿಲ್ಲ. ಇಷ್ಟು ವರ್ಷದಲ್ಲಿ ನಾನು ಹೊಡೆದ ಗೋಲು ನಾಲ್ಕೇ ನಾಲ್ಕು. ನಾಲ್ಕೂ ಕಾರ್ನರ್ ಬಂದಾಗ ತಲೆ ಕೊಟ್ಟದ್ದು.

ಆದರೆ ತಡೆಯುವ ಕೆಲಸ ನನಗೆ ತುಂಬಾ ಇಷ್ಟ. ನಮ್ಮ ಕೋಚ್ ಕಾಕಾ ಮೊದಲ ದಿನ ಕಲಿಸಿದ್ದು ಒಂದೇ ಮಾತು: "ಅವನ ಕಾಲು ನೋಡಬ್ಯಾಡ, ಸೊಂಟ ನೋಡು. ಕಾಲು ಸುಳ್ಳು ಹೇಳ್ತಾವ, ಸೊಂಟ ಹೇಳಂಗಿಲ್ಲ." ಅವತ್ತಿನಿಂದ ನಾನು ಎದುರಿನವನ ಸೊಂಟ ನೋಡಿಯೇ ಆಡಿದವನು. ಅದು ಯಾವ ಕಡೆ ತಿರುಗುತ್ತದೋ ಚೆಂಡೂ ಆ ಕಡೆಗೇ. ಸುಮ್ನೆ ನುಗ್ಗಿ ಕಾಲು ಹಾಕಬಾರದು. ಅಡ್ಡ ನಿಂತು, ಹಿಂದೆ ಹಿಂದೆ ಸರಿಯುತ್ತಾ ಅವನನ್ನು ಗೆರೆ ಕಡೆಗೆ ತಳ್ಳಿಕೊಂಡು ಹೋಗಬೇಕು. ಚೆನ್ನಾಗಿ ಮಾಡಿದರೆ ನೋಡುವವರಿಗೆ ಏನೂ ಆದಂತೆ ಕಾಣುವುದಿಲ್ಲ.

ಇನ್ನೊಂದು ಕೆಲಸ ಕೂಗುವುದು. ಇಡೀ ಮೈದಾನ ಕಾಣುವುದು ಹಿಂದೆ ನಿಂತವನಿಗೇ. ಹಾಗಾಗಿ ನಮ್ಮ ಟೀಮಿನಲ್ಲಿ 18 ವರ್ಷ ಕೂಗಿದ್ದು ನಾನೇ. "ಹಿಂದ ಅದಾನ!" ಅಂತ ಒಬ್ಬನಿಗೆ, ಅದನ್ನೇ ಮರಾಠಿಯಲ್ಲಿ "ಮಾಗೆ ಆಹೆ!" ಅಂತ ಇನ್ನೊಬ್ಬನಿಗೆ. ಬಾಯಿಗೆ ಮೊದಲು ಯಾವ ಭಾಷೆ ಬಂತೋ ಅದು. ಹುಡುಗರಿಗೆ ಎರಡೂ ತಿಳಿಯುತ್ತವೆ.

ಕಾಕಾ ಆಡುತ್ತಿದ್ದ ಕಾಲದಲ್ಲಿ ಡಿಫೆಂಡರ್‌ಗಳಿಗೆ ಎರಡು ಅನುಕೂಲ ಇದ್ದವಂತೆ. ಗೆಳೆಯ ಒದ್ದು ಕೊಟ್ಟ ಚೆಂಡನ್ನೂ ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಹುದಿತ್ತು. 1992ರಲ್ಲಿ ಅದು ನಿಂತಿತು. ಎದುರಿನವನು ನಮ್ಮ ಕೊನೆಯ ಡಿಫೆಂಡರ್‌ನನ್ನು ದಾಟಿ ಗೋಲ್ ಕಡೆ ನಿಂತಾಗ ಅವನಿಗೆ ಚೆಂಡು ಕೊಟ್ಟರೆ ಆಫ್‌ಸೈಡ್, ಆ ಚೆಂಡು ನಡೆಯುವುದಿಲ್ಲ. ಆಗ ಅವನು ನಮ್ಮ ಕೊನೆಯ ಡಿಫೆಂಡರ್‌ಗೆ ಸಮ ನಿಂತರೂ ಆಫ್‌ಸೈಡ್ ಆಗುತ್ತಿತ್ತು. 1990ರಲ್ಲಿ ಅದೂ ಹೋಯಿತು. ಈಗ ಅವನನ್ನು ಆಫ್‌ಸೈಡಿಗೆ ಸಿಕ್ಕಿಸಬೇಕೆಂದರೆ ನಾಲ್ಕೂ ಜನ ಒಂದೇ ಕ್ಷಣಕ್ಕೆ ಮುಂದೆ ಬರಬೇಕು. ಒಬ್ಬ ಹಿಂದೆ ಉಳಿದರೂ ಕೆಲಸ ಕೆಟ್ಟಿತು.

ಆ ಭಾನುವಾರ ಆಟ 1-1 ನಡೆದಿತ್ತು. ಇನ್ನು ಇಪ್ಪತ್ತು ನಿಮಿಷ ಬಾಕಿ. ಎದುರಿನವರು ಚೆಂಡನ್ನು ಹಿಂದಕ್ಕೆ ಆಡಿದರು. ಮುಂದೆ ಬನ್ನಿ ಅಂತ ನಾನು ಕೂಗಬೇಕಾದ ಹೊತ್ತು ಅದು. ನಾನು ಕೂಗುವ ಮೊದಲೇ ಪಕ್ಕದಿಂದ "ಮ್ಯಾಲೆ!" ಅಂತ ದನಿ ಬಂತು. ನನ್ನ ಜೊತೆ ಸ್ಟಾಪರ್ ಆಡುವ ಹುಡುಗ, ಹತ್ತೊಂಬತ್ತು ವರ್ಷದವನು. ಅವನು ಕರೆದದ್ದು ಸರಿಯಾಗಿಯೇ ಇತ್ತು. ಮೂವರೂ ಜಿಗಿದರು. ನನ್ನ ಎಡಗಾಲು ರಾಡಿಯಲ್ಲಿ ಹೂತಿತ್ತು. ಎಳೆದೆ. ಮೊಣಕಾಲು ಏಳಲಿಲ್ಲ. ಒಂದೇ ಹೆಜ್ಜೆ ತಡವಾಯಿತು. ತಲೆ ಎತ್ತಿದರೆ ನಮ್ಮ ಮೂರು ಜರ್ಸಿ ಮುಂದೆ, ಅವರ ಸ್ಟ್ರೈಕರ್ ನನ್ನ ಪಕ್ಕಕ್ಕೆ, ಚೆಂಡು ನಮ್ಮ ತಲೆ ಮೇಲೆ. ಲೈನ್‌ಮನ್ ಕಡೆ ನೋಡಿದೆ. ಬಾವುಟ ಕೆಳಗೇ ಇತ್ತು. ಆಫ್‌ಸೈಡ್ ಅಲ್ಲ.

ಗೋಲು ಆದ ಮೇಲೆ ಹುಡುಗ ಕೈ ಚಾಚಿ ನನ್ನನ್ನು ತೋರಿಸಬಹುದಿತ್ತು. ತೋರಿಸಲಿಲ್ಲ. ಹತ್ತಿರ ಬಂದು ಮೆಲ್ಲಗೆ ಹೇಳಿದ, "ಅಣ್ಣಾ, ಇನ್ ಮ್ಯಾಲೆ ನಾ ಕರೀತೇನಿ. ನೀವು ಬರೇ ನನ್ ಕಡೆ ನೋಡ್ರಿ."

ಮೈಯೆಲ್ಲ ಬಿಸಿಯಾಯಿತು. ಮೂರ್ನಾಲ್ಕು ನಿಮಿಷ ಅಷ್ಟೇ. ಆಮೇಲೆ ಬಾಯಿ ಮುಚ್ಚಿಕೊಂಡು ಅವನ ದನಿಗೆ ಕಿವಿ ಕೊಟ್ಟು ಆಡಿದೆ. ಮ್ಯಾಲೆ ಅಂದಾಗ ಮುಂದೆ, ಬಿಡು ಅಂದಾಗ ಹಿಂದೆ. ಅದೇ ಸ್ಟ್ರೈಕರ್ ಎರಡು ಸಲ ಆಫ್‌ಸೈಡಿಗೆ ಸಿಕ್ಕಿಬಿದ್ದ. ನನ್ನ ಎದೆ ಹಗುರಾಗಿತ್ತು. ಇಷ್ಟು ವರ್ಷ ನನ್ನ ದನಿ ಕೇಳಿಕೊಂಡು ಆಡಿದವರಿಗೆ ಹೀಗೇ ಅನ್ನಿಸುತ್ತಿತ್ತೇನೋ.

2-1ಕ್ಕೆ ಸೋತೆವು. ಹುಡುಗರು ಚಹಾಕ್ಕೆ ಓಡಿದರು. ಕಾಕಾ ಒಬ್ಬರೇ ತೊಯ್ದ ಜರ್ಸಿ ಎಣಿಸುತ್ತಾ ನಿಂತಿದ್ದರು.

"ಮುಂದಿನ ಐತವಾರ ಬರ್ತಿಯಲ್ಲ?" ತಲೆ ಎತ್ತದೆ ಕೇಳಿದರು.

"ಬರ್ತೇನಿ ಕಾಕಾ. ಆದ್ರ ಆಡಾಕ ಅಲ್ಲ."

ಅವರ ಎಣಿಕೆ ನಿಂತಿತು. ನನ್ನ ಮುಖ ನೋಡಿದರು, ಮೊಣಕಾಲು ನೋಡಿದರು. ಆಮೇಲೆ ಅರ್ಧ ಜರ್ಸಿ ನನ್ನ ಕೈಗೆ ಹಾಕಿದರು.

"ಹಂಗಾದ್ರ ಹಿಡಿ. ಹಿಂಡು."

ಇಬ್ಬರೂ ಗೋಲ್ ಹಿಂದೆ ನಿಂತು ಒಂದೊಂದೇ ಜರ್ಸಿ ಹಿಂಡಿದೆವು. ಕೆಂಪು ನೀರು ಬರುತ್ತಲೇ ಇತ್ತು.