ಯೋಕ್ ತಿರುಗಿಸಿ ಹಿಡಿದಾಗ

ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆ ಕಳೆದು ಎರಡು ದಿನವಾಗಿತ್ತು. ಮಂಗಳೂರಿನ ಬೈಕಂಪಾಡಿಯಿಂದ ಸ್ವಲ್ಪ ಒಳಗೆ, ಮುರಕಲ್ಲು ಅಗೆದು ತೆಗೆದ ಆಳೆತ್ತರದ ಹೊಂಡದಲ್ಲಿ, ಹೊದಿಕೆ ಕಿತ್ತು ಉಜ್ಜಿದ ಅನಿಲ ಕೊಳವೆಯ ಮುಂದೆ ನಾನು ಮೊಣಕಾಲೂರಿ ಕುಳಿತಿದ್ದೆ. ಕೊಳವೆಯೊಳಗೆ ಓಡಿಸಿದ್ದ ಕಾಂತೀಯ ತಪಾಸಣೆಯ ‘ಪಿಗ್’ ಎಂಬ ಉಪಕರಣ ಅಲ್ಲಿ ಲೋಹ ಸ್ವಲ್ಪ ಸವೆದಿದೆ ಎಂದಷ್ಟೇ ತೋರಿಸಿತ್ತು. ಬಿರುಕಿನ ಮಾತೇ ವರದಿಯಲ್ಲಿರಲಿಲ್ಲ.

ಬಿರುಕಿದ್ದರೆ ಅದರ ಗೆರೆ ಕಪ್ಪಾಗಿ ಎದ್ದು ಕಾಣಲೆಂದು ಬಿಳಿ ಬಣ್ಣವನ್ನು ತೆಳುವಾಗಿ ಸಿಂಪಡಿಸಿದೆ. ಎಸಿ ಯೋಕ್, ಅಂದರೆ ಪರ್ಯಾಯ ವಿದ್ಯುತ್ತಿನಿಂದ ನಡೆಯುವ ಎರಡು ಕಾಲಿನ ವಿದ್ಯುತ್ಕಾಂತ, 4.5 ಕಿಲೋ ತೂಕ ಎತ್ತಬೇಕೆಂಬ ನಿಯಮವಿದೆ, ಅದನ್ನು ಬೆಳಿಗ್ಗೆಯೇ ಎತ್ತಿಸಿ ನೋಡಿಯಾಗಿತ್ತು. ಅದರ ಎರಡು ಕಾಲುಗಳನ್ನು ಕೊಳವೆಯ ಉದ್ದಕ್ಕೆ ಊರಿ, ಸ್ವಿಚ್ ಒತ್ತಿ, ಕಬ್ಬಿಣದ ಸೂಕ್ಷ್ಮ ಕಣಗಳಿರುವ ಕಪ್ಪು ಇಂಕ್ ಹಾಯಿಸುತ್ತ ಒಂದು ಮೀಟರ್ ಮುಗಿಸಿದೆ. ಬಿಳಿ ಬಿಳಿಯಾಗಿಯೇ ಉಳಿಯಿತು. ಪಡುವಣದಲ್ಲಿ ಮೋಡ ಕವಿಯುತ್ತಿದ್ದುದರಿಂದ ‘ದೋಷವಿಲ್ಲ’ ಎಂದು ಬರೆಯಲು ಪೆನ್ನು ತೆಗೆದೆ.

“ಅಡ್ಡಕ್ಕೂ ಹಿಡಿದು ನೋಡಿದ್ರಾ ಮಾರಾಯ್ರೆ?” ಎಂದು ಹೊಂಡದ ಅಂಚಿನಿಂದ ಹಿರಿಯ ಸಹೋದ್ಯೋಗಿ ಕೇಳಿದರು. ನೋಡಿರಲಿಲ್ಲ. ಒಂದಕ್ಕೊಂದು ಅಡ್ಡವಾದ ಎರಡು ದಿಕ್ಕಿನಲ್ಲಿ ಪರೀಕ್ಷಿಸಬೇಕೆಂಬುದು ಈ ಕೆಲಸದ ಮೊದಲ ಪಾಠ. ಮಳೆಯ ಅವಸರ ಅದನ್ನೂ ಮರೆಸಿತ್ತು.

ಯೋಕನ್ನು ತಿರುಗಿಸಿ, ಕಾಲುಗಳನ್ನು ಕೊಳವೆಯ ಸುತ್ತಳತೆಯ ದಿಕ್ಕಿಗೆ ಊರಿ, ಮತ್ತೆ ಇಂಕ್ ಹಾಯಿಸಿದೆ. ಇಂಕ್ ಇಳಿದುಹೋದಂತೆ ಏಳೆಂಟು ಕಪ್ಪು ಗೆರೆಗಳು ನಿಂತುಬಿಟ್ಟವು: ಒಂದೊಂದೂ ಕುಚ್ಚಲಕ್ಕಿಯ ಕಾಳಿನಷ್ಟುದ್ದ, ಕೂದಲಿನಷ್ಟು ತೆಳು, ಎಲ್ಲವೂ ಕೊಳವೆಯ ಉದ್ದಕ್ಕೇ ಮಲಗಿದ್ದವು. ಬಟ್ಟೆಯಿಂದ ಒರೆಸಿ ಮತ್ತೆ ಮಾಡಿದೆ, ಅಲ್ಲಲ್ಲೇ ಬಂದವು.

ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ಬಿರುಕಿದ್ದರೆ ಮಾತ್ರ ಕಾಂತರೇಖೆಗಳು ಅಲ್ಲಿ ಹೊರಗೆ ಸೋರಿ ಕಣಗಳನ್ನು ಹಿಡಿದಿಡುತ್ತವೆ. ಕ್ಷೇತ್ರದ ದಿಕ್ಕಿನಲ್ಲೇ ಮಲಗಿದ ಬಿರುಕಿನ ಪಕ್ಕದಿಂದ ಅವು ಸುಮ್ಮನೆ ಹಾದುಹೋಗುತ್ತವೆ. ಒಳಗಿನ ಅನಿಲದ ಒತ್ತಡವು ಕೊಳವೆಯ ಗೋಡೆಯನ್ನು ಉದ್ದಕ್ಕೆ ಎಳೆಯುವುದಕ್ಕಿಂತ ಎರಡು ಪಟ್ಟು ಸುತ್ತಳತೆಯ ದಿಕ್ಕಿಗೆ ಎಳೆಯುವುದರಿಂದ, ಹೊದಿಕೆ ಸಡಿಲವಾದಲ್ಲಿ ಹುಟ್ಟುವ ಇಂಥ ಬಿರುಕುಗಳು ಹೆಚ್ಚಾಗಿ ಉದ್ದಕ್ಕೇ ಬೆಳೆಯುತ್ತವೆ. ಆ ಪಿಗ್ ಕೂಡ ಲೋಹವನ್ನು ಉದ್ದಕ್ಕೇ ಕಾಂತೀಕರಿಸುವ ಬಗೆಯದು. ನಾನು ಮಾಡಿದ ತಪ್ಪನ್ನು ಅದು ಕೊಳವೆಯುದ್ದಕ್ಕೂ ಮಾಡಿಕೊಂಡು ಬಂದಿತ್ತು, ಆದರೆ ಅದರ ರಚನೆಯೇ ಹಾಗೆ, ನನಗೆ ಆ ನೆಪವೂ ಇರಲಿಲ್ಲ. ಇಂಥ ಬಿರುಕಿಗೆಂದೇ ‘ಇಮ್ಯಾಟ್’ ಎಂಬ ಬೇರೆ ಉಪಕರಣವಿದೆ. ಕಾಂತ ಮತ್ತು ವಿದ್ಯುತ್ ಸುರುಳಿಯಿಂದ ಉಕ್ಕಿನಲ್ಲೇ ಶ್ರವಣಾತೀತ (ಅಲ್ಟ್ರಾಸಾನಿಕ್) ತರಂಗ ಎಬ್ಬಿಸುವ ಅದಕ್ಕೆ ನಡುವೆ ದ್ರವ ಬೇಕಿಲ್ಲದ್ದರಿಂದ ಅನಿಲ ಕೊಳವೆಗೆ ಅದು ಹೇಳಿಮಾಡಿಸಿದಂತಿದೆ.

ಒತ್ತಡ ಇಳಿಸಿದ ಮೇಲೆ, ಮರುದಿನ ಟಾರ್ಪಾಲಿನಡಿ ಕುಳಿತು, ಆ ಜಾಗವನ್ನು ಚೂರುಚೂರೇ ಗ್ರೈಂಡ್ ಮಾಡುತ್ತ ಪ್ರತಿ ಸಲವೂ ಇಂಕ್ ಹಾಯಿಸಿ ನೋಡಿದೆವು. ಮೂರನೆಯ ಸಲ ಎರಡು ಗೆರೆಗಳು ಉಳಿದಿದ್ದವು. ಐದನೆಯದಕ್ಕೆ, ಯೋಕನ್ನು ಎರಡೂ ದಿಕ್ಕಿಗೆ ಹಿಡಿದರೂ, ಒಂದೂ ಕಾಣಲಿಲ್ಲ. ಉಳಿದ ದಪ್ಪವನ್ನು ಅಳೆಯಲು ಹಿರಿಯರೇ ಹೊಂಡಕ್ಕೆ ಇಳಿದು ಬಂದರು.