ಗೃಹಪ್ರವೇಶಕ್ಕೆ ಕರೆಯದ ಮೇಸ್ತ್ರಿ

ಇಂದು ಅಕ್ಟೋಬರ್ 1. 1964ರ ಇದೇ ದಿನ ಬೆಳಗ್ಗೆ ಜಪಾನಿನ ಮೊದಲ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಟೋಕಿಯೊ ಮತ್ತು ಒಸಾಕಾ ನಡುವೆ ಓಡಿತು. ಗಂಟೆಗೆ 210 ಕಿಲೋಮೀಟರ್ ವೇಗ. ಆರೂವರೆ ತಾಸಿನ ಹಾದಿ ನಾಲ್ಕು ತಾಸಿಗೆ ಇಳಿಯಿತು.

ಬೆಳಗ್ಗೆಯಿಂದ ನನ್ನನ್ನು ಕಾಡುತ್ತಿರುವುದು ಆ ರೈಲಲ್ಲ, ಅದನ್ನು ಕಟ್ಟಿದ ಇಬ್ಬರು ಮುದುಕರು. ಪೂರ್ತಿ ಖರ್ಚು ಹೇಳಿದರೆ ಸಂಸತ್ತು ಒಪ್ಪುವುದಿಲ್ಲವೆಂದು ಜಪಾನ್ ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷ ಶಿಂಜಿ ಸೊಗೊ ಅಂದಾಜನ್ನು ಬೇಕೆಂದೇ ತಗ್ಗಿಸಿ ಹೇಳಿದ್ದರು. ಸರ್ಕಾರ ನಡುವೆ ಕೈ ಎತ್ತದಿರಲೆಂದು ವಿಶ್ವಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲವನ್ನೂ ತಂದರು. ಎಂಥ ಘಾಟಿ! ಖರ್ಚು ಹೆಚ್ಚುಕಡಿಮೆ ಎರಡರಷ್ಟಾಯಿತು. 1963ರಲ್ಲಿ ಅವರೂ ಮುಖ್ಯ ಎಂಜಿನಿಯರ್ ಹಿದೆಯೊ ಶಿಮಾ ಅವರೂ ಹುದ್ದೆ ಬಿಟ್ಟರು. ಮೊದಲ ರೈಲು ಹೊರಟದ್ದನ್ನು ಶಿಮಾ ಮನೆಯ ಟೀವಿಯಲ್ಲಿ ನೋಡಿದರಂತೆ.

ಆ ರೈಲ್ವೆ ಸಂಸ್ಥೆಯ ಕತೆಯೂ ವಿಚಿತ್ರವೇ. ಜಗತ್ತು ಬೆರಗಾದ ಆ ವರ್ಷವೇ ಅದು ನಷ್ಟಕ್ಕೆ ಬಿತ್ತು, ಮತ್ತೆ ಏಳಲಿಲ್ಲ. 1987ರ ಏಪ್ರಿಲ್ 1ರಂದು ಆರು ಪ್ರಯಾಣಿಕ ಕಂಪನಿಗಳಾಗಿ, ಒಂದು ಸರಕು ಕಂಪನಿಯಾಗಿ ಒಡೆಯುವಾಗ ತಲೆಯ ಮೇಲೆ ಸುಮಾರು 37 ಲಕ್ಷ ಕೋಟಿ ಯೆನ್ ಸಾಲವಿತ್ತು. ಎಲ್ಲ ತಪ್ಪನ್ನೂ ವೇಗದ ರೈಲಿನ ತಲೆಗೆ ಕಟ್ಟಲಾಗದು. ಆ ಮಾರ್ಗ ಒಳ್ಳೆಯ ಲಾಭ ತರುತ್ತಿತ್ತು. ಮುಳುಗಿಸಿದ್ದು ಜನರೇ ಹತ್ತದ ಹಳ್ಳಿ ಮಾರ್ಗಗಳು, ಸಿಬ್ಬಂದಿಯ ಭಾರ, ಬಡ್ಡಿ.

ನಮ್ಮ ಮನೆ ಕಟ್ಟಿದ ಮೇಸ್ತ್ರಿಯೂ ‘ಇಷ್ಟರಲ್ಲೇ ಮುಗಿಯುತ್ತದೆ, ಸ್ವಾಮಿ’ ಎಂದೇ ಅಡಿಪಾಯ ತೋಡಿದ್ದರು. ನಾವು ಎಷ್ಟು ಬೈದೆವು! ಗೃಹಪ್ರವೇಶದ ಊಟಕ್ಕೆ ಅವರನ್ನು ಕರೆದಿದ್ದೆವೋ ಇಲ್ಲವೋ, ಅಮ್ಮನನ್ನು ಕೇಳಬೇಕು.