ಕಾರ್ಬನ್ನಿಗೆ ನೀರು ಕುಡಿಸುವ ಕೆಲಸ

ಕಾರವಾರ, 12 ಜುಲೈ 2025, ಶನಿವಾರ

ಇವತ್ತು ಲ್ಯಾಬಿನಲ್ಲಿ ಕಾರ್ಬನ್ ಫೆಲ್ಟಿನ (ಕಾರ್ಬನ್ ಎಳೆಗಳ ಕಂಬಳಿಯಂಥ ಹಾಸು) ಎರಡು ತುಂಡು ಪಕ್ಕಪಕ್ಕ ಇಟ್ಟು ಡ್ರಾಪರಿನಿಂದ ನೀರು ಬಿಟ್ಟೆವು. ಒಂದು ಪ್ಯಾಕೆಟ್ಟಿನಿಂದ ತೆಗೆದದ್ದು ಹಾಗೇ. ಇನ್ನೊಂದು ಫರ್ನೇಸಿನಲ್ಲಿ 400 ಡಿಗ್ರಿಗೆ ಕಾಯಿಸಿದ್ದು. ಮೊದಲನೆಯದರ ಮೇಲೆ ಹನಿ ಕೆಸುವಿನ ಎಲೆಯ ಮೇಲೆ ಕೂತ ಹಾಗೆ ಉರುಟಾಗಿ ಕೂತಿತು, ಓರೆ ಮಾಡಿದರೆ ಉರುಳಿ ಮೇಜಿಗೆ ಬಿತ್ತು. ಎರಡನೆಯದಕ್ಕೆ ಹನಿ ತಾಗಿದ್ದಷ್ಟೇ ಗೊತ್ತು, ಮರುಕ್ಷಣ ಮಾಯ. ಆಮೇಲೆ ಬೀಕರಿಗೆ ಹಾಕಿದೆವು. ಕಾಯಿಸದ ತುಂಡು ತೇಲಿತು. ಗಾಜಿನ ಕಡ್ಡಿಯಿಂದ ಒತ್ತಿ ಹಿಡಿದರೆ ಮೈ ತುಂಬ ಗಾಳಿಯ ಬೆಳ್ಳಿ ಪದರ, ಬಿಟ್ಟ ಕೂಡಲೇ ಮತ್ತೆ ಮೇಲೆ.

ಈ ಫೆಲ್ಟು ವನೇಡಿಯಂ ಫ್ಲೋ ಬ್ಯಾಟರಿಯ ಎಲೆಕ್ಟ್ರೋಡ್, ಅಂದರೆ ವಿದ್ಯುತ್ತು ಒಳಗೆ ಹೊರಗೆ ಹೋಗುವ ಭಾಗ. ಸಲ್ಫ್ಯೂರಿಕ್ ಆಸಿಡ್ಡಿನಲ್ಲಿ ಕರಗಿದ ವನೇಡಿಯಂ ಎರಡು ಟ್ಯಾಂಕಿನಲ್ಲಿರುತ್ತದೆ, ಪಂಪು ಅದನ್ನು ಫೆಲ್ಟಿನ ಎಳೆಗಳ ಸಂದಿಯಲ್ಲಿ ಹರಿಸುತ್ತದೆ. ದ್ರಾವಣ ಎಳೆಗೆ ತಾಗಿದರೆ ಮಾತ್ರ ಎಲೆಕ್ಟ್ರಾನಿನ ಕೊಡುಕೊಳ್ಳುವಿಕೆ. ತಾಗದ ಜಾಗ ಇದ್ದೂ ಇಲ್ಲದ ಹಾಗೆ.

ಅದಕ್ಕೇ ನನಗೆ ಬರೀ ಎಲೆಕ್ಟ್ರೋಡಿನ ಮೇಲ್ಮೈ ವಿಸ್ತೀರ್ಣದ ದೊಡ್ಡ ಅಂಕಿ ಹೇಳಿದರೆ ನಂಬಿಕೆ ಬರುವುದಿಲ್ಲ. ಅದನ್ನು ಸಾಮಾನ್ಯವಾಗಿ ಅಳೆಯುವುದು ನೈಟ್ರೋಜನ್ ಅನಿಲದಿಂದ. ಅನಿಲ ಸಣ್ಣ ತೂತಿಗೂ ನುಗ್ಗುತ್ತದೆ, ನೀರು ನುಗ್ಗಬೇಕಲ್ಲ!

ಗಾಳಿಯಲ್ಲಿ ಕಾಯಿಸಿದಾಗ ಕಾರ್ಬನ್ನಿನ ಅಂಚುಗಳಿಗೆ ಆಕ್ಸಿಜನ್ ಅಂಟಿಕೊಳ್ಳುತ್ತದೆ. ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್ ಅಂತ ನಾವು ಬೋರ್ಡಿನ ಮೇಲೆ ಬರೆಯುವ ಗುಂಪುಗಳೇ ನೀರನ್ನು ಎಳೆಯುವುದು. ಆಸ್ಟ್ರೇಲಿಯಾದ ಮರಿಯಾ ಸ್ಕೈಲಾಸ್-ಕಜಾಕೋಸ್ ತಂಡ 1992ರಲ್ಲೇ ಇದನ್ನು ತೋರಿಸಿತ್ತು. 400 ಡಿಗ್ರಿಯಲ್ಲಿ 30 ಗಂಟೆ ಕಾಯಿಸಿದ ಫೆಲ್ಟಿನಿಂದ ಸೆಲ್ಲಿನ ಎನರ್ಜಿ ಎಫಿಶಿಯೆನ್ಸಿ (ತುಂಬಿದ ವಿದ್ಯುತ್ತಿನಲ್ಲಿ ವಾಪಸು ಸಿಗುವ ಪಾಲು) 78ರಿಂದ 88 ಶೇಕಡಾಕ್ಕೆ ಏರಿತ್ತು. ಜುಲೈ ತಿಂಗಳ ಕಾರವಾರದಲ್ಲಿ 30 ಗಂಟೆ ಬಿಡದೆ ಕರೆಂಟ್ ಇರುವುದೇ ಕಷ್ಟ ಬಿಡಿ. ಕೈಗಾ ಪಕ್ಕದಲ್ಲಿದೆ, ಕದ್ರಾ ಡ್ಯಾಮು ಪಕ್ಕದಲ್ಲಿದೆ, ಆದರೂ ಒಂದು ಮರ ತಂತಿ ಮೇಲೆ ಬಿದ್ದರೆ ಮುಗೀತು. ಹಾಗಂತ ಬೇಗ ಆಗಲಿ ಎಂದು ಉರಿ ಜಾಸ್ತಿ ಮಾಡುವ ಹಾಗೂ ಇಲ್ಲ. ಗಾಳಿಯಲ್ಲಿ ಕಾರ್ಬನ್ ಸುಟ್ಟೇ ಹೋಗುತ್ತದೆ. ಎಳೆ ಸೊರಗಿ, ಬೆರಳಲ್ಲಿ ಒತ್ತಿದರೆ ಪುಡಿ. ಹಾಗಾಗಿ ಕಾಯಿಸುವ ಮುಂಚೆ, ಆದಮೇಲೆ ತೂಕ ನೋಡಲೇಬೇಕು.

ಇನ್ನೊಂದು ತಮಾಷೆ. ಕಾಯಿಸಿದ ತುಂಡಿನ ಒಂದು ಮೂಲೆಯಲ್ಲಿ ಮಾತ್ರ ಹನಿ ಇಳಿಯಲಿಲ್ಲ. ನೋಡಿದರೆ ಅಲ್ಲಿ ಬೆರಳಿನ ಗುರುತು. ಒಬ್ಬಳು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದಳು, ಕೈ ಕೂದಲಿಗೆ ಹೋಗಿ ಅಲ್ಲಿಂದ ಫೆಲ್ಟಿಗೆ! ಇನ್ನು ಮುಂದೆ ಚಿಮಟವೇ ಗತಿ.

ಸಿರ್ಸಿ ಕಡೆಯ ಹುಡುಗನೊಬ್ಬ ಕೇಳಿದ, "ಮೇಡಂ, ನಮ್ಮನೆ ಅಡಿಕೆ ಸಿಪ್ಪೆ ಸುಟ್ಟರೆ ಆಗ್ತದಾ?" ಕಾರ್ಬನ್ ಆಗುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ, ನೈಟ್ರೋಜನ್ ಹಾಯಿಸುತ್ತ 700-800 ಡಿಗ್ರಿಗೆ ಕಾಯಿಸಿದರೆ ತೂತುಗಳೂ ಬೇಕಾದಷ್ಟು. ಆದರೆ ಅದು ಪುಡಿ. ಫೆಲ್ಟಿನ ಹಾಗೆ ಒಂದೇ ಹಾಸು ಅಲ್ಲ. ಪುಡಿಯನ್ನು ನಿಲ್ಲಿಸಲು ಅಂಟು ಬೇಕು. ಸಾಮಾನ್ಯವಾಗಿ ಬಳಸುವ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಅಂಟೋ, ಅದೇ ನೀರನ್ನು ದೂರ ತಳ್ಳುವ ಜಾತಿ. ಅಷ್ಟು ಕಷ್ಟಪಟ್ಟು ನೀರು ಹಿಡಿಯುವ ಕಾರ್ಬನ್ ಮಾಡಿ ಅದಕ್ಕೆ ರೇನ್‌ಕೋಟ್ ಹಾಕಿದಂತೆ, ಅಲ್ವಾ? ಮೊದಲು ಉಪ್ಪುನೀರಿನ ಸಣ್ಣ ಸೂಪರ್ ಕೆಪಾಸಿಟರ್ (ಕಾರ್ಬನ್ನಿನ ಮೈಮೇಲೇ ವಿದ್ಯುತ್ತು ಕೂಡಿಡುವ ಸಾಧನ) ಮಾಡೋಣ, ಅಲ್ಲಿ ಅಂಟಿಗೆ ನೀರಿಗೆ ಒಗ್ಗುವ, ಸೆಲ್ಯುಲೋಸಿನಿಂದ ಮಾಡಿದ ಸಿಎಂಸಿ ಸಾಕು ಎಂದೆ. ಖುಷಿಯಾದ.

ಸೋಮವಾರ ಸಿಪ್ಪೆ ತರುತ್ತಾನಂತೆ. ಒಣಗಿಸಿ ತಾ ಎಂದಿದ್ದೇನೆ. ಈ ಮಳೆಯಲ್ಲಿ ಒಲೆ ಮೇಲಿನ ಅಟ್ಟಕ್ಕೇ ಹಾಕಬೇಕು, ಅವರ ಮನೆಯಲ್ಲಿ ಅಮ್ಮ ಏನೆನ್ನುತ್ತಾರೋ.